ತಂಬಿಗೆಯ ತಳದ ಚಂದಪ್ಪ

ಕ್ಯಾಪ್ಸೂಲಿನ ಟೊಪ್ಪಿಗೆ ಎಳೆದೊಡನೆ ಅದೇ ನಾತ, ಕೊಳೆತ ತತ್ತಿಯದು, ಈ ಮನೆಯಲ್ಲಿ ತತ್ತಿ ಮುಟ್ಟಿದವರು ಯಾರೂ ಇಲ್ಲ, ಆದರೂ ಕೊಳೆತ ತತ್ತಿ ಹೇಗೆ ನಾರುತ್ತದೆಂದು ಈಗ ಇಡೀ ಓಣಿಗೇ ಗೊತ್ತು, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತ ಅತ್ತೆ ತಂಗೆವ್ವ ಮೂಗಿಗೆ ಸೆರಗು ಹಿಡಿದಿರಬೇಕು, ತಿಕ್ಕುವ ಸದ್ದು ನಿಂತಿದೆ — ಮಂಜುಳಾ ಉಸಿರು ಬಿಗಿಹಿಡಿದು ಬಿಳಿ ಪುಡಿಯನ್ನು ತಂಬಿಗೆಯೊಳಗಿನ ಹುಣಸೆ ಪಾನಕಕ್ಕೆ ಉದುರಿಸಿದಳು, ಬೆರಳಿಗೆ ಹತ್ತಿದ್ದನ್ನೂ ತಂಬಿಗೆಯ ಬಾಯಿಗೆ ಒರೆಸಿ ಒಳಗೆ ಬೀಳಿಸಿದಳು, ಒಂದು ಹರಳೂ ಹೊರಗೆ ಹೋಗಬಾರದು, ಇದು ಬೈಲಹೊಂಗಲದ ಯಾವ ಅಂಗಡಿಯಲ್ಲೂ ಸಿಗುವ ಔಷಧವಲ್ಲ, ಬೆಳಗಾವಿ ದವಾಖಾನೆಯ ಡಾಕ್ಟರಬಾಯಿ ಮುಂಬೈಗೆ ಫೋನು ಮಾಡಿ ಮಾಡಿ ತರಿಸಿಕೊಟ್ಟದ್ದು, ಮಗಳ ಮೈಯೊಳಗಿನ ಸೀಸ ತೆಗೆಯುವ ಪುಡಿ. ಬೆಲ್ಲ ಇನ್ನಷ್ಟು ಹಾಕಲೇ, ಬೇಡ, ಹುಳಿ ಮುಂದಿದ್ದರೇ ನಾತ ಅಡಗುವುದು, ಹುಳಿಯ ಉಪಾಯ ಅತ್ತೆಯದು, ಮೊದಲ ಸಲ ಇದನ್ನು ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟಾಗ ಸಪ್ನಾ ಗೋಡೆಗೆಲ್ಲ ಉಗುಳಿ, ಹಲ್ಲು ಕಚ್ಚಿ ಕೂತುಬಿಟ್ಟಿದ್ದಳು, ಆಗ ಅತ್ತೆ ಅಂದದ್ದು, ಹುಣಸಿಹಣ್ಣ ಕಿವುಚಿ ಬೆಲ್ಲ ಹಾಕಿ ಕೊಡು, ಆಕಿ ತಂಬಿಗ್ಯಾಗ ಕೊಡು, ಗಟಗಟ ಕುಡೀತಾಳ ನೋಡು. ಹಾಗೇ ಆಯಿತು, ತಂಬಿಗೆ ಕಂಡರೆ ಸಪ್ನಾ ಎರಡೂ ಕೈ ಚಾಚುತ್ತಾಳೆ, ಈಗಲೂ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಚಾಚಿದ್ದಾಳೆ, ನಾಲ್ಕು ತುಂಬಿದ ಮಗಳು, ಎರಡು ವರ್ಷದವಳ ತೂಕ.

ತಡಿ ಕೂಸ, ಕರಗಲಿ, ಚಮಚ ತಿರುವುತ್ತಲೇ ಮಂಜುಳಾ ಗಡಿಯಾರ ನೋಡುತ್ತಾಳೆ, ಇದನ್ನು ಕುಡಿಸಿ ಬೆಳಗಾವಿ ಬಸ್ಸು ಹಿಡಿಯಬೇಕು, ಇವತ್ತು ಮತ್ತೆ ರಕ್ತ ಕೊಡುವ ದಿನ, ರಕ್ತದೊಳಗಿನ ಸೀಸದ ನಂಬರು ಇಳಿದಿರಬೇಕು, ಇಳಿಯದೆ ಏನು, ಇಳಿದೇ ಇರುತ್ತದೆ, ಹಾಗೆಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು ಮಾತು ಸವೆದುಹೋಗಿದೆ. ನೋಡವ್ವ ಮಂಜುಳಾ, ಅಂದಿದ್ದರು ಡಾಕ್ಟರಬಾಯಿ, ಕುರ್ಚಿ ಹತ್ತಿರ ಎಳೆದುಕೊಂಡು, ಈ ಔಷಧ ಏಡಿ ಇದ್ದಂಗ, ತನ್ನ ಚಿಮಟಿಲೆ ಸೀಸ ಹಿಡಕೊಂಡು ಉಚ್ಚಿಗುಂಟ ಹೊರಗ ಬರತೈತಿ, ಖರೆ ಮನ್ಯಾಗ ಎಲ್ಲಿಂದರ ಸೀಸ ಆಕಿ ಹೊಟ್ಟಿಗೆ ಹೋಗಾಕ ಹತ್ತಿತ್ತಂದ್ರ ಇದ ಔಷಧ ವೈರಿ ಆಗತೈತಿ, ಹೊಟ್ಟ್ಯಾಗ ಬಿದ್ದದ್ದನ್ನ ಮತ್ತಿಷ್ಟು ಜೋರಲೆ ಮೈಯಾಗ ಎಳಕೋತೈತಿ, ತಿಳೀತಿಲ್ಲ. ತಿಳಿಯಿತು ಅನ್ನುವ ಹಾಗೆ ತಲೆ ಆಡಿಸಿದ್ದಳು, ಮನಸ್ಸು ಮಾತ್ರ ಏಡಿಯ ಹಿಂದೆ ಹೋಗಿತ್ತು, ರಾಮದುರ್ಗದ ಹೊಳೆ, ಮಲಪ್ರಭೆಯ ಮಳಲು, ತವರೂರು ಕಟಕೋಳದಿಂದ ಸಂತೆಗೆ ಬಂದ ಅಪ್ಪ ಸಣ್ಣವಳಿದ್ದ ಅವಳನ್ನು ನೀರಿಗೆ ಇಳಿಸಿದ್ದ, ಕಾಲ್ಬೆರಳು ಹಿಡಿದ ಏಡಿ ಬಿಡಲೇ ಇಲ್ಲ, ಅಪ್ಪ ಅದರ ಕೊಂಬು ಮುರಿದಮೇಲೂ ಮುರಿದ ಕೊಂಬು ಬೆರಳಿಗೆ ಕಚ್ಚಿಕೊಂಡೇ ಇತ್ತು — ಅಂಥ ಏಡಿಗಳು ಈಗ ಮಗಳ ರಕ್ತದಲ್ಲಿ ಓಡಾಡುತ್ತಿವೆ, ಹಿಡೀರಿ, ಹಿಡಕೊಂಡು ಹೊರಗ ನಡೀರಿ, ರಾತ್ರಿ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಅವಳು ಅವಕ್ಕೆ ಹೇಳುವುದು ಇದೇ ಮಾತು, ಹುಚ್ಚಿಯ ಹಾಗೆ. ಮೊದಲ ಸಲ ದವಾಖಾನೆಯಲ್ಲೇ ಇಟ್ಟುಕೊಂಡು ತೊಡೆಗೆ ಸೂಜಿ ಚುಚ್ಚಿದ್ದರು, ಎಪ್ಪತ್ತರ ಮೇಲಿದ್ದ ನಂಬರು ಅರ್ಧಕ್ಕೆ ಇಳಿದಿತ್ತು, ಪೇಢಾ ಹಂಚಿದ್ದರು, ಮನೆಗೆ ಬಂದು ತಿಂಗಳೊಳಗೆ ಮತ್ತೆ ಏರಿತು, ಆಗ ಡಾಕ್ಟರಬಾಯಿ ಅಂದದ್ದು, ಎಲುಬಿನಾಗ ಕುಂತದ್ದು ತುಸು ರಕ್ತಕ್ಕ ಇಳೀತೈತಿ, ಅದು ಗೊತ್ತಿದ್ದದ್ದ, ಖರೆ ಇಷ್ಟ ಏರಂಗಿಲ್ಲ, ನಿಮ್ಮ ಮನ್ಯಾಗ ಎಲ್ಲೋ ಐತಿ ಹುಡುಕ್ರಿ, ಈ ಸಲಾನೂ ಏರಿತಂದ್ರ ಮಿದುಳಿಗೆ ಬೀಳೂ ಹೊಡತ ನಾವು ತಿರುಗಿ ಸರಿ ಮಾಡಾಕ ಬರಂಗಿಲ್ಲ. ತಿರುಗಿ ಸರಿ ಮಾಡಾಕ ಬರಂಗಿಲ್ಲ, ಆ ಮಾತನ್ನು ಡಾಕ್ಟರಬಾಯಿ ಎಷ್ಟು ಮೆಲ್ಲಗೆ ಹೇಳಿದರೆಂದರೆ ಅದಕ್ಕೇ ಹೆದರಿಕೆಯಾಯಿತು.

ಎಲ್ಲೋ ಐತಿ ಅಂದರೆ ಎಲ್ಲಿ, ಎಲ್ಲರ ಕಣ್ಣೂ ಅವಳ ಗಂಡ ಬಾಳೇಶನ ಮೇಲೆ ಬಿದ್ದದ್ದು ಆಗಲೇ, ಅವನ ಕೈಗಳ ಮೇಲೆ. ಏನ ಉದ್ಯೋಗ ಮಾಡತೀರಿ, ಡಾಕ್ಟರಬಾಯಿ ಕೇಳಿದರು, ಟ್ರ್ಯಾಕ್ಟರ್ ರೇಡಿಯೇಟರ್ ರಿಪೇರಿ ರೀ, ಬಜಾರದಾಗ ಅಂಗಡಿ ಐತ್ರಿ, ಯಾತರಲೆ ಬೆಸೀತೀರಿ, ಬೆಸುಗಿ ಕಡ್ಡೀಲೆ ರೀ, ಅದರಾಗ ಅರ್ಧಕ್ಕಿಂತ ಹೆಚ್ಚ ಸೀಸನ ಇರತೈತಿ, ಗೊತ್ತೈತಿಲ್ಲ. ಅವನು ತನ್ನ ಬೆರಳು ನೋಡಿಕೊಂಡ, ಬೂದುಗಪ್ಪು, ಉಗುರ ಸಂದಿಯಲ್ಲಿ, ಚರ್ಮದ ಗೀರುಗಳಲ್ಲಿ, ಎಷ್ಟು ಸಾಬೂನು ತಿಕ್ಕಿದರೂ ಹೋಗದ್ದು, ಮದುವೆಯ ದಿನ ತಾಳಿ ಕಟ್ಟುವಾಗಲೂ ಇದ್ದದ್ದು, ಗೆಳತಿಯರು ಅದನ್ನೇ ಕಂಡು ನಕ್ಕದ್ದು, ಅರಿಷಿಣ ಹತ್ತಲಿಲ್ಲ ಮದುಮಗಗ, ಗ್ರೀಸ್ ಹತ್ತೈತಿ. ಕಬ್ಬಿನ ಹಂಗಾಮು ಬಂತೆಂದರೆ ಕಿತ್ತೂರು ಕಡೆಯ, ಮುರಗೋಡದ, ಸವದತ್ತಿಯ ಟ್ರ್ಯಾಕ್ಟರೆಲ್ಲ ಕುದಿಯುವ ರೇಡಿಯೇಟರ್ ಹೊತ್ತು ಅವನ ಅಂಗಡಿ ಮುಂದೆ ಸಾಲುಗಟ್ಟುತ್ತವೆ, ಹಂಗಾಮಿನಲ್ಲಿ ಅವನು ಮನೆಗೆ ಬಂದದ್ದೇ ತಡ ಸಪ್ನಾ ಅವನ ಅಂಗಿಗೆ ಜೋತು ಬೀಳುತ್ತಿದ್ದಳು, ಅದೇ ಅಂಗಿ, ಅದೇ ಧೂಳು. ಜಳಕಾ ಮಾಡಿ ಅರಬಿ ಬದಲಿಸಿ ಮನಿಗೆ ಹೋದರ ಸಾಕು ಅಂದಿದ್ದರು ಡಾಕ್ಟರಬಾಯಿ, ಅಷ್ಟರಲ್ಲೇ ಮುಗಿಯುತ್ತಿತ್ತು, ಆದರೆ ಬಸ್ಸಿನಲ್ಲಿ ಅವನು ಮಗಳನ್ನು ಎತ್ತಿಕೊಳ್ಳಲು ಹೋದಾಗ ಮಂಜುಳಾ ಅಂದುಬಿಟ್ಟಳು, ನಿಮ್ಮ ಕೈಲೆ ಆಕಿನ್ನ ಮುಟ್ಟಬ್ಯಾಡ್ರಿ, ಬಸ್ಸೆಲ್ಲ ಕೇಳುವ ಹಾಗೆ ಅಂದಳು, ಅವನ ಕೈ ಅಲ್ಲೇ ನಿಂತಿತು, ಅಂದಿನಿಂದ ಅಂಗಡಿಯಲ್ಲೇ ಊಟ, ಅಂಗಡಿಯಲ್ಲೇ ನಿದ್ದೆ, ಬೆಳಗ್ಗೆ ಮಾತ್ರ ತೊಳೆದ ಅಂಗಿ ಹಾಕಿಕೊಂಡು ಬರುತ್ತಾನೆ, ರಸ್ತೆಯ ಆಚೆ ಹಿಟ್ಟಿನ ಗಿರಣಿಯ ಕಟ್ಟೆಗೆ ಬೈಕು ನಿಲ್ಲಿಸಿ ಅಲ್ಲಿಂದಲೇ ಮಗಳನ್ನು ನೋಡುತ್ತಾನೆ, ಈಚೆ ಬಾ ಅಂದರೆ ಬರುವುದಿಲ್ಲ, ಬಾ ಅಂತ ಅವಳು ಗಟ್ಟಿಯಾಗಿ ಕರೆದದ್ದೂ ಇಲ್ಲ. ಈಗಲೂ ಬಂದಿದ್ದಾನೆ, ಕಿಟಕಿಯಿಂದ ಬೈಕಿನ ಹಿಡಿಕೆ ಕಾಣುತ್ತದೆ, ಅದರ ಮೇಲೆ ಕೈ, ಇಷ್ಟು ದೂರಕ್ಕೆ ಬೆರಳ ಬಣ್ಣ ಕಾಣುವುದಿಲ್ಲ ಅಂತ ಅವಳಿಗೆ ಒಂಥರಾ ಸಮಾಧಾನ, ಆ ಸಮಾಧಾನಕ್ಕೇ ಮತ್ತೆ ನಾಚಿಕೆ.

ಅವನು ಹೋದಮೇಲೂ ಮನೆ ಬಿಡಲಿಲ್ಲ ಸೀಸ ಹುಡುಕಲು ಡಾಕ್ಟರಬಾಯಿ ಹೇಳಿ ಕಳಿಸಿದ ಸರಕಾರದ ಹುಡುಗಿಯರು, ಇಬ್ಬರು, ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲ ಹಿಡಿದು ಬಂದಿದ್ದರು, ನೆಲದ ಧೂಳು ಒರೆಸಿಕೊಂಡರು, ಬಾಗಿಲ ಬಣ್ಣ ಕೆರೆದುಕೊಂಡರು, ಕಾಡಿಗೆ, ಕುಂಕುಮ, ಅರಿಷಿಣ, ಎಲ್ಲ ಚಿಟಿಕೆ ಚಿಟಿಕೆ, ಕೊನೆಗೆ ಸವದತ್ತಿ ಗುಡ್ಡದ ಭಂಡಾರಕ್ಕೂ ಕೈ ಚಾಚಿದಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದುಬಿಟ್ಟಳು, ಎಲ್ಲವ್ವನ ಭಂಡಾರದಾಗ ವಿಷ ಹುಡುಕಾಕ ಬಂದೀರೇನ, ನಡೀರಿ ಹೊರಗ, ದೇವರ ಜಗಲಿ ಮುಟ್ಟಿದರ ನೋಡ್ರಿ ಮತ್ತ — ಹುಡುಗಿಯರು ಪಾಪ, ನೀವ ಒಂದ ಚಿಟಿಕಿ ತಂದ ಕೊಡ್ರಿ ಆಯಿ, ನಾವು ಮುಟ್ಟಂಗಿಲ್ಲ ಅಂತ ಜಗಲಿಯ ಈಚೆಗೇ ನಿಂತರು. ಅಡಗಿ ಯಾತರಾಗ ಮಾಡತೀರಿ, ಸ್ಟೀಲ್, ಮಂಜುಳಾ ತೋರಿಸಿದಳು, ಸಾಲಾಗಿ ಸ್ಟೀಲ್, ಅಲ್ಯೂಮಿನಿಯಂ ಬೋಗುಣಿ ಒಂದು, ಮಣ್ಣಿನ ಗಡಿಗೆ ಒಂದು, ಅಷ್ಟೇ ಏನ್ರಿ, ಅಷ್ಟೇ ರೀ. ಎಲ್ಲ ಚಲೋ ಐತಿ ಅಂತ ವಾರದ ಮೇಲೆ ಫೋನು ಬಂತು, ಭಂಡಾರವೂ ಚಲೋ, ಅತ್ತೆ ಆ ದಿನ ಗೆದ್ದವಳ ಹಾಗೆ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಅತ್ತೆಯ ಮೇಲೆ ಸಿಟ್ಟು ಮಾಡಿ ಏನು ಮಾಡುವುದು, ಮೊಮ್ಮಗಳಿಗೆ ಚಲೋ ಆಗಲೆಂದು ದಿನಾ ರಾತ್ರಿ ಪಾನಕದ ತಂಬಿಗೆಯನ್ನು ಎಲ್ಲವ್ವನ ಫೋಟೋದ ಮುಂದೆ ಜಗಲಿಯ ಮೇಲೆ ಇಡುವವಳೂ ಅವಳೇ, ರಾತ್ರಿಯೆಲ್ಲ ದೇವಿಯ ಕಣ್ಣಿಗೆ ಬಿದ್ದಿರಲಿ, ಮುಂಜಾನೆ ಕೂಸಿನ ಹೊಟ್ಟಿಗೆ ಹೋಗಲಿ, ಮೊದಲಾದರೆ ತಂಬಿಗೆಯಲ್ಲಿ ಮಜ್ಜಿಗೆ ಇರುತ್ತಿತ್ತು, ಈಗ ಪಾನಕ, ಹುಡುಗಿಯರು ಬಂದ ಮುಂಜಾನೆಯೂ ಜಗಲಿಯ ಮೇಲೇ ಇತ್ತಲ್ಲ, ಮುಚ್ಚಳ ಮುಚ್ಚಿ, ಮೇಲೊಂದು ಸೇವಂತಿಗೆ ಇಟ್ಟು.

ತಂಬಿಗೆ ಅವಳ ತವರಿನದು, ಹಿತ್ತಾಳೆಯದು, ಕಟಕೋಳದಲ್ಲಿ ಅವ್ವ ಮುದಕವ್ವ ಅದರಲ್ಲೇ ನೀರು ಕುಡಿದು ಅದರಲ್ಲೇ ಮಜ್ಜಿಗೆ ಇಟ್ಟವಳು, ವರ್ಷಕ್ಕೊಮ್ಮೆ ರಾಮದುರ್ಗದಿಂದ ಕಲಾಯಿಯವನು ಬರುತ್ತಿದ್ದ, ಬೇವಿನ ಗಿಡದ ಕೆಳಗೆ ಕುಣಿ ತೋಡಿ, ತಿದಿ ಒತ್ತಿ, ಕೆಂಪಗೆ ಕಾದ ಪಾತ್ರೆಗೆ ನವಸಾಗರ ಎಸೆದರೆ ಬುಸ್ಸೆಂದು ಬಿಳಿ ಹೊಗೆ, ಹೊಗೆಯೊಳಗೆ ತವರದ ಕಡ್ಡಿ ತಾಗಿಸಿ ಅರಳೆಯ ಒಂದು ಸುತ್ತು, ಹಸಿರುಗಟ್ಟಿದ ತಳ ಕಣ್ಣು ಕೋರೈಸುವಷ್ಟು ಬೆಳ್ಳಗೆ, ಮಂಜುಳಾ ಸಾಲಿ ತಪ್ಪಿಸಿ ಕೂತು ನೋಡುತ್ತಿದ್ದಳು. ಈಗ ಕಲಾಯಿಯವನೂ ಇಲ್ಲ, ಅವನ ಮಗ ರಾಮದುರ್ಗದಲ್ಲಿ ಮೊಬೈಲು ಮಾರುತ್ತಾನಂತೆ. ಸಪ್ನಾ ಮೊಲೆ ಬಿಟ್ಟ ಹೊಸದರಲ್ಲಿ, ಮಜ್ಜಿಗೆ ಇಟ್ಟರೆ ಕಿಲುಬುತ್ತದೆಂದು ಅತ್ತೆ ತಂಬಿಗೆಯನ್ನು ಅಟ್ಟಕ್ಕೆ ಎತ್ತಿಟ್ಟಾಗ ಮಂಜುಳಾ ಗಂಡನನ್ನು ಕೆಣಕಿದಳು, ಊರ ಮಂದಿ ಟ್ರ್ಯಾಕ್ಟರೆಲ್ಲ ಬೆಸೀತೀರಿ, ಹೇಣ್ತಿ ತಂಬಿಗಿಗೆ ಒಂದ ಕಲಾಯಿ ಹಚ್ಚಾಕ ಬರಂಗಿಲ್ಲೇನ್ರಿ, ಅವನು ನಕ್ಕು, ಅದೇನ ದೊಡ್ಡ ಮಾತ, ಕಲಾಯಿ ಆತು ಬೆಸುಗಿ ಆತು, ಎರಡೂ ಬೆಳ್ಳಗ ಹೊಳೀತಾವ, ತಾ ಇಲ್ಲಿ ಅಂದ. ಸಂಜೆ ಬಂದಾಗ ತಂಬಿಗೆ ಕಾಗದದಲ್ಲಿ ಸುತ್ತಿತ್ತು, ಒಳಗೆಲ್ಲ ಬೆಳ್ಳಗೆ ಫಳಫಳ, ಕಟಕೋಳದ ಕಲಾಯಿಗಿಂತ ಒಂದು ಕೈ ಮೇಲು, ತಳದಲ್ಲಿ ಮಾತ್ರ ಒಂದು ಹನಿ ಬಿದ್ದು ಆರಿಬಿಟ್ಟಿತ್ತು, ರೂಪಾಯಿಯಗಲ, ದುಂಡಗೆ. ಕೆರದ ತಗೀಲೇನು ಅಂದ, ಅಷ್ಟರಲ್ಲಿ ಸಪ್ನಾ ಅವನ ತೊಡೆಯ ಮೇಲಿಂದ ಬಗ್ಗಿ ತಂಬಿಗೆಯೊಳಗೆ ನೋಡಿ ಚಂದಪ್ಪ ಅಂದಳು. ಅವ್ವ, ಆಯಿ ಬಿಟ್ಟರೆ ಅವಳಾಡಿದ ಮೊದಲ ಮಾತು ಅದು, ಇರಲಿ ಬಿಡ್ರಿ ಹಂಗ, ಕೆರಿಯಬ್ಯಾಡ್ರಿ, ಅಂದಳು ಮಂಜುಳಾ. ಅಂದಿನಿಂದ ಚಂದಪ್ಪ ಕಾಣುವ ತನಕ ಸಪ್ನಾ ತಂಬಿಗೆ ಕೆಳಗಿಡುವುದಿಲ್ಲ, ಮಜ್ಜಿಗೆ ಪೂರಾ ಹೊಟ್ಟೆಗಿಳಿಸಿಯೇ ತಳ ನೋಡುವುದು, ಹಿಗ್ಗುವುದು. ಎಷ್ಟೊಂದು ಮಾತು ಕಲಿತಳು ಆಮೇಲೆ, ಟ್ಯಾಟ್ಟರ್, ರೊಟ್ಟಿ, ಅಪ್ಪ ಬಂದ, ಆಯಿ ಬೈತಾಳ — ಆಮೇಲೆ ಒಂದೊಂದೇ ಬಿಟ್ಟುಹೋದವು, ಹೊಟ್ಟೆ ಹಿಡಿದು ಅಳುವುದು, ಬಿಳಿಚಿಕೊಳ್ಳುವುದು, ಕರೆದರೆ ತಿರುಗದಿರುವುದು, ದೃಷ್ಟಿ ಅಂದರು, ಹುಳದ ಬಾಧೆ ಅಂದರು, ಮಳಲು ತಿಂತಾಳ ಅಂದರು, ಕಟಕೋಳದಿಂದ ಮರಳಿ ಬರುವಾಗ ಸವದತ್ತಿ ದಾಟಿದಮೇಲೆ ಬಸ್ಸಿನಲ್ಲೇ ಕಣ್ಣು ಮೇಲೆ ಮಾಡಿ ಸೆಟೆದುಕೊಂಡಳು, ಆಮೇಲೆಯೇ ಬೆಳಗಾವಿ ದವಾಖಾನೆ. ಎಲ್ಲ ಮಾತು ಹೋದರೂ ಅದೊಂದು ಉಳಿಯಿತು, ಚಂದಪ್ಪ, ದವಾಖಾನೆಯ ಟ್ಯೂಬ್‌ಲೈಟಿಗೂ ಅದೇ, ಡಾಕ್ಟರಬಾಯಿಯ ಕೈಗಡಿಯಾರಕ್ಕೂ ಅದೇ.

ಕರಗಿತು, ತಗೋ ಕೂಸ, ಎರಡೂ ಕೈಲೆ ಹಿಡಿ. ಸಪ್ನಾ ತಂಬಿಗೆ ಎತ್ತಿದಳು, ಕಣ್ಣು ಮುಚ್ಚಿ, ಗುಟುಕು, ಗುಟುಕು, ಮುಖ ಹುಳಿಗೆ ಮುದುಡಿತು, ಮತ್ತೊಂದು ಗುಟುಕು, ಚಲೋ ಹುಡುಗಿ, ನಮ್ಮ ಶಾಣ್ಯಾಕಿ, ಇನ್ನರ್ಧ ಅಷ್ಟೇ — ತಂಬಿಗೆ ಕೆಳಗಿಳಿಯಿತು, ಸಪ್ನಾ ಒಳಗೆ ನೋಡುತ್ತಿದ್ದಾಳೆ, ಹುಬ್ಬು ಕೂಡಿಸಿ, ತೆಳುವಾದ ಕಂದು ನೀರಿನಾಚೆ, ತುಟಿ ಏನೋ ಹುಡುಕುತ್ತಿದೆ, ಆ ತುಟಿಯ ಹುಡುಕಾಟ ಮಂಜುಳಾಗೆ ಗೊತ್ತು, ಹೋದ ಮಾತು ಹುಡುಕುವಾಗ ಹೀಗೇ, ಬಹಳ ಸಲ ಏನೂ ಸಿಗದೆ ಅಳುವಿನಲ್ಲಿ ಮುಗಿಯುತ್ತದೆ. ಅವ್ವಾ, ಚಂದಪ್ಪ ಸಣ್ಣಾಗ್ಯಾನ. ಏನಂದಿ. ಚಂದಪ್ಪ ಸಣ್ಣಾಗ್ಯಾನ ಅವ್ವಾ. ಎರಡು ಮಾತು ಕೂಡಿಸಿದ್ದಾಳೆ, ಮೂರು, ಅವ್ವ ಸೇರಿ ಮೂರು, ಯುಗಾದಿಯಿಂದ ಈಚೆಗೆ ಎರಡು ಮಾತು ಕೂಡಿಸಿದವಳಲ್ಲ, ತಾನಾಗಿ ಕಂಡು ತಾನಾಗಿ ಹೇಳಿದ್ದಾಳೆ, ಸಣ್ಣದು ದೊಡ್ಡದು ತಿಳಿದಿದೆ ಅವಳಿಗೆ, ಏಡಿಗಳು ಕೆಲಸ ಮಾಡುತ್ತಿವೆ, ಔಷಧ ಹತ್ತಿದೆ, ನಂಬರು ಇಳಿದಿದೆ, ಇಳಿಯದೆ ಈ ಮಾತು ಬರುತ್ತಿತ್ತೇ — ಮಂಜುಳಾ ಹಿತ್ತಲ ಕಡೆ ತಿರುಗಿ ಕೂಗಿದಳು, ಅತ್ತೀ, ಕೇಳಿದ್ರೇನ, ಕೇಳಿದ್ರೇನ್ರಿ ಅತ್ತೀ, ಹಿತ್ತಲಿಂದ ಅತ್ತೆ, ಏನ ಆತ, ಎದಕ ಚೀರತಿ, ಅಷ್ಟರಲ್ಲಿ ಮಂಜುಳಾ ಹೊಸ್ತಿಲು ದಾಟಿ ಬೀದಿ ಬಾಗಿಲಿಗೆ ಬಂದಾಗಿತ್ತು, ಅವನಿಗೆ ಹೇಳಬೇಕು, ಮೊದಲು ಅವನಿಗೆ, ಬರ್ರಿ ಈಚಿಕಡೆ, ಸಾಕು ಅಲ್ಲಿ ನಿಂತದ್ದು, ಮಗಳು ಮಾತಾಡ್ಯಾಳ, ಮುಟ್ಟಬ್ಯಾಡ್ರಿ ಅಂದ ಬಾಯಿಲೇ ಬರ್ರಿ ಅನ್ನಬೇಕು.

ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಅದರ ಹಿಂದೆ ಇನ್ನೊಂದು, ಎಂಜಿನ್ ಸದ್ದಿಗೆ ಗೋಡೆ ಅದುರುತ್ತದೆ, ಟ್ರಾಲಿಗಳ ಸಂದಿಯಲ್ಲಿ ಬಾಳೇಶ ಕಾಣುತ್ತಾನೆ, ಮರೆಯಾಗುತ್ತಾನೆ, ಅವಳು ಬಾಗಿಲಿಗೆ ಬಂದದ್ದನ್ನು ಕಂಡು ಬೈಕಿನಿಂದ ಇಳಿದಿದ್ದಾನೆ, ಮುಖದಲ್ಲಿ ಗಾಬರಿ, ಏನಾತ, ಇಲ್ಲ ಏನೂ ಆಗಿಲ್ಲ, ಮಾತಾಡಿದ್ಲು, ಸಪ್ನಾ ಮಾತಾಡಿದ್ಲು, ಏನ, ಕೇಳವಲ್ದು, ಅವನು ಕಿವಿಗೆ ಕೈ ಇಟ್ಟ, ಏನಂದ್ಲು, ಅವಳು ಎರಡೂ ಕೈ ಬಾಯಿಗೆ ಸುತ್ತಿ ಇದ್ದ ದನಿಯೆಲ್ಲ ಕೂಡಿಸಿ ಕೂಗಿದಳು, ಚಂದಪ್ಪ ಸಣ್ಣಾಗ್ಯಾನಂತ, ತಂಬಿಗ್ಯಾಗಿನ ಚಂದಪ್ಪ ಸಣ್ಣಾಗ್ಯಾನಂತ — ಕೂಗಿದ ಮಾತು ಅವಳ ಕಿವಿಗೇ ಬಿತ್ತು, ತನ್ನದೇ ದನಿಯಲ್ಲಿ, ಬಾಯಿಗೆ ಸುತ್ತಿದ್ದ ಕೈ ಕೆಳಗಿಳಿದವು. ಸಣ್ಣಾಗ್ಯಾನ. ಕಲಾಯಿ ಸಣ್ಣದಾಗುವುದಿಲ್ಲ, ಅವ್ವನ ತಂಬಿಗೆಯ ಕಲಾಯಿ ಸವೆಯಲು ವರ್ಷ ಬೇಕಿತ್ತು, ಅದು ತವರ, ಇದು, ಎರಡೂ ಬೆಳ್ಳಗ ಹೊಳೀತಾವ ತಾ ಇಲ್ಲಿ, ಇದು ಯಾವುದು, ಯಾತರಲೆ ಬೆಸೀತೀರಿ, ಬೆಸುಗಿ ಕಡ್ಡೀಲೆ ರೀ, ಸೀಸವೆಂದರೆ ಕಪ್ಪು, ಅವನ ಉಗುರ ಸಂದಿಯ ಕಪ್ಪು, ಬೆಳ್ಳಗೆ ಫಳಫಳ ಹೊಳೆಯುವುದು ಸೀಸವೆಂದು ಯಾರು ಹೇಳಿದ್ದರು ಅವಳಿಗೆ, ಅಡಗಿ ಯಾತರಾಗ ಮಾಡತೀರಿ, ಸ್ಟೀಲ್ ರೀ, ಅಷ್ಟೇ ಏನ್ರಿ, ಅಷ್ಟೇ ರೀ, ಹುಳಿ ಮುಂದಿದ್ದರೇ ನಾತ ಅಡಗುವುದು, ರಾತ್ರಿಯೆಲ್ಲ ದೇವಿಯ ಕಣ್ಣಿಗೆ ಬಿದ್ದಿರಲಿ, ಇದ ಔಷಧ ವೈರಿ ಆಗತೈತಿ — ಸಣ್ಣಾಗ್ಯಾನ, ಹುಳಿಗೆ ಕರಗಿ ಸಣ್ಣಾದವ ಎಲ್ಲಿ ಹೋದ.

ಹಿಂದೆ ಗುಟುಕಿನ ಸದ್ದು. ತಿರುಗಿದರೆ ಸಪ್ನಾ ತಂಬಿಗೆಯನ್ನು ಪೂರಾ ಎತ್ತಿದ್ದಾಳೆ, ತಲೆ ಹಿಂದಕ್ಕೆ ಬಾಗಿಸಿ, ಗಂಟಲು ಏರಿಳಿಯುತ್ತಿದೆ, ಮಂಜುಳಾ ಕಿತ್ತುಕೊಂಡಳು, ಹಲ್ಲಿಗೆ ತಾಗುವಷ್ಟು ಜೋರಾಗಿ, ಸಪ್ನಾ ಅಳಲಿಲ್ಲ, ತುಟಿಯ ಮೇಲಿನ ಪಾನಕ ನೆಕ್ಕಿಕೊಂಡಳು, ಕುಡದನಿ ಅವ್ವಾ ಅನ್ನುವ ಹಾಗೆ ನೋಡಿದಳು, ಶಾಣ್ಯಾಕಿ ಅನ್ನಿಸಿಕೊಳ್ಳಲು. ತಂಬಿಗೆ ಬರಿದು. ಪಾನಕ ನಿಲ್ಲುತ್ತಿದ್ದ ಮಟ್ಟಕ್ಕೆ ಒಳಗೆ ಸುತ್ತಲೂ ಒಂದು ಗೆರೆ, ಗೆರೆಯ ಮೇಲೆ ಬಿಳಿ, ಕೆಳಗೆಲ್ಲ ಬೂದು, ದಿನಾ ತೊಳೆಯುತ್ತಿದ್ದ ಕೈ ದಿನಾ ಕಂಡದ್ದು, ಪಾನಕದ ಕಲೆ ಅಂದುಕೊಂಡು ಬಿಟ್ಟದ್ದು. ತಳದಲ್ಲಿ ಬೆರಳಿಟ್ಟು ಒರೆಸಿದಳು, ಬೆರಳ ತುದಿಗೆ ಬೂದುಗಪ್ಪು ಹತ್ತಿತು, ಅದೇ ಬಣ್ಣ, ಈಗ ಅವಳ ಬೆರಳಲ್ಲಿ. ಹಿಂದೆ ಅತ್ತೆ ಏನೋ ಕೇಳುತ್ತಿದ್ದಾಳೆ, ಟ್ರ್ಯಾಕ್ಟರುಗಳು ದಾಟಿಹೋದವು, ರಸ್ತೆ ಖಾಲಿಯಾಯಿತು, ಈಗ ಬಾಳೇಶನ ದನಿ ಸ್ಪಷ್ಟ ಕೇಳುತ್ತಿದೆ, ನಗುತ್ತಿರುವವನ ದನಿ, ಅರ್ಧ ಕೇಳಿಸಿಕೊಂಡು ಖುಷಿಯಾದವನದು, ಏನಂದ್ಲು, ಮಂಜುಳಾ, ಇನ್ನೊಮ್ಮೆ ಹೇಳು, ಏನಂದ್ಲು ನನ್ನ ಮಗಳು — ಅವಳು ಕಣ್ಣು ತಂಬಿಗೆಯಿಂದ ಕೀಳುವುದಿಲ್ಲ, ರೂಪಾಯಿಯಗಲ ಇದ್ದದ್ದು ಕಡಲೆಬೇಳೆಯಷ್ಟಾಗಿದೆ, ಸುತ್ತಲೂ ಬೂದು, ನಡುವೆ ಒಂದಿಷ್ಟೇ ಬಿಳಿ, ಚಂದಪ್ಪ ಸಣ್ಣಾಗ್ಯಾನ.